ಬಸಿರು, ಪಿಸಿಓಎಸ್ ಮತ್ತು ಸಕ್ಕರೆಯ ಲೆಕ್ಕ

ಬಸುರಿಯ ದೇಹ ತನ್ನದೇ ಇನ್ಸುಲಿನ್‌ಗೆ ತಾನೇ ಅಡ್ಡ ನಿಲ್ಲುತ್ತದೆ. ಇದು ಕಾಯಿಲೆಯಲ್ಲ, ಪ್ರತಿಯೊಬ್ಬ ಗರ್ಭಿಣಿಯಲ್ಲೂ ನಡೆಯುವ ಏರ್ಪಾಡು. ಮೊದಲ ಮೂರು ತಿಂಗಳು ಕಳೆದು ಮಾಸು ಬಲಿಯುತ್ತ ಹೋದಂತೆ ಅದು ತಾಯಿಯ ರಕ್ತಕ್ಕೆ ಹಲವು ಹಾರ್ಮೋನುಗಳನ್ನು ಬಿಡುತ್ತದೆ. ಲ್ಯಾಕ್ಟೋಜೆನ್, ಮಾಸಿನದೇ ಆದ ಬೆಳವಣಿಗೆಯ ಹಾರ್ಮೋನು, ಪ್ರೊಜೆಸ್ಟರಾನ್ ಅವುಗಳಲ್ಲಿ ಮುಖ್ಯವಾದವು. ಕಾರ್ಟಿಸಾಲ್ ಮಟ್ಟವೂ ಏರುತ್ತದೆ. ಇವೆಲ್ಲ ಸೇರಿ ತಾಯಿಯ ಸ್ನಾಯುಗಳು ಸಕ್ಕರೆಯನ್ನು ಒಳಗೆಳೆದುಕೊಳ್ಳುವ ವೇಗವನ್ನು ತಗ್ಗಿಸುತ್ತವೆ. ಉಂಡದ್ದರ ಸಕ್ಕರೆ ರಕ್ತದಲ್ಲಿ ಸ್ವಲ್ಪ ಹೆಚ್ಚು ಹೊತ್ತು ಉಳಿಯುತ್ತದೆ. ಆ ಹೊತ್ತಿನಲ್ಲಿ ಮಗು ತನ್ನ ಪಾಲನ್ನು ಪಡೆದುಕೊಳ್ಳುತ್ತದೆ. ತುಂಬು ಬಸಿರಿನ ವೇಳೆಗೆ ಇನ್ಸುಲಿನ್‌ಗೆ ದೇಹ ಸ್ಪಂದಿಸುವ ಶಕ್ತಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿರುತ್ತದೆ.

ಹೀಗಾದಾಗ ತಾಯಿಯ ಮೇದೋಜೀರಕ ಗ್ರಂಥಿ ಸುಮ್ಮನಿರುವುದಿಲ್ಲ. ಅದರ ಬೀಟಾ ಕೋಶಗಳು ಹಿಗ್ಗುತ್ತವೆ, ಮೊದಲಿಗಿಂತ ಎರಡು ಪಟ್ಟು, ಅದಕ್ಕಿಂತಲೂ ಹೆಚ್ಚು ಇನ್ಸುಲಿನ್ ತಯಾರಿಸುತ್ತವೆ. ಬಹುಪಾಲು ತಾಯಂದಿರಲ್ಲಿ ಲೆಕ್ಕ ಸರಿಹೋಗುತ್ತದೆ. ಗ್ರಂಥಿಯ ದುಡಿಮೆ ಸಾಲದೆ ಹೋದವರಲ್ಲಿ ಸಕ್ಕರೆ ಏರಿ ನಿಲ್ಲುತ್ತದೆ. ವೈದ್ಯರು ಅದನ್ನು ಗರ್ಭಾವಸ್ಥೆಯ ಮಧುಮೇಹ ಎನ್ನುತ್ತಾರೆ, ಲ್ಯಾಬಿನ ಚೀಟಿಯಲ್ಲಿ ಜಿಡಿಎಂ ಎಂದಿರುತ್ತದೆ.

ಬಸಿರಾಗುವ ಮೊದಲೇ ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸದ ದೇಹವೊಂದು ಈ ಪರೀಕ್ಷೆಗೆ ಒಳಗಾದರೆ ಏನಾಗುತ್ತದೆ? ಪಿಸಿಓಎಸ್, ಅಂದರೆ ಮುಟ್ಟನ್ನು ಏರುಪೇರು ಮಾಡಿ ಗಂಡು ಹಾರ್ಮೋನು ಹೆಚ್ಚಿಸುವ ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮ್ ಇರುವ ಹೆಣ್ಣಿನ ಬಸಿರಿನಲ್ಲಿ ಆಗುವುದು ಇದೇ. ಅವಳ ಗ್ರಂಥಿ ಮದುವೆಗೆ ಮುಂಚಿನಿಂದಲೂ, ಎಷ್ಟೋ ಸಲ ಹೈಸ್ಕೂಲಿನ ದಿನಗಳಿಂದಲೂ, ಹೆಚ್ಚುವರಿ ದುಡಿಮೆ ಮಾಡುತ್ತಲೇ ಬಂದಿರುತ್ತದೆ. ಅದರ ಮೇಲೆ ಮಾಸಿನ ಹೊರೆ ಬೀಳುತ್ತದೆ. ಪಿಸಿಓಎಸ್ ಇರುವವರಿಗೆ ಗರ್ಭಾವಸ್ಥೆಯ ಮಧುಮೇಹ ಬರುವ ಸಾಧ್ಯತೆ ಇತರರಿಗಿಂತ ಎರಡರಿಂದ ಮೂರು ಪಟ್ಟು ಹೆಚ್ಚು ಎಂದು ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಕಂಡುಬಂದಿದೆ.

ಸಕ್ಕರೆ ಏರಿದ್ದಕ್ಕೆ ಕಾರಣ ಅವಳ ಬಾಯಿಚಪಲವಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. ಆರನೇ ತಿಂಗಳಲ್ಲಿ ರಿಪೋರ್ಟ್ ಕೈಗೆ ಬಂದಾಗ ಮನೆಯಲ್ಲಿ ಮೊದಲು ಏಳುವ ಮಾತು "ಸಿಹಿ ತಿನ್ನಬೇಡ ಅಂತ ಎಷ್ಟು ಹೇಳಿದ್ದೆ" ಎಂಬುದು. ಅವಳ ರಕ್ತದಲ್ಲಿ ಎರಡು ಬಗೆಯ ಪ್ರತಿರೋಧಗಳು ಒಂದರ ಮೇಲೊಂದು ಕೂತಿವೆ. ಅವೆರಡನ್ನೂ ಅವಳು ತಿಂದು ತಂದುಕೊಂಡಿಲ್ಲ.

ಅಂಡಾಶಯದಿಂದ ಇನ್ಸುಲಿನ್‌ವರೆಗೆ

ಪಿಸಿಓಎಸ್‌ಗೂ ಸಕ್ಕರೆಗೂ ನಂಟಿದೆ ಎಂಬುದು ವೈದ್ಯಲೋಕಕ್ಕೆ ತಡವಾಗಿ ತಿಳಿಯಿತು. 1935ರಲ್ಲಿ ಶಿಕಾಗೊದ ಇರ್ವಿಂಗ್ ಸ್ಟೈನ್ ಮತ್ತು ಮೈಕೆಲ್ ಲೆವೆಂಥಾಲ್ ಎಂಬ ವೈದ್ಯರು ಏಳು ಹೆಂಗಸರ ವಿವರ ಪ್ರಕಟಿಸಿದರು. ಅವರಿಗೆ ಮುಟ್ಟು ನಿಂತಿತ್ತು, ಅಂಡಾಶಯಗಳು ಊದಿ ಅವುಗಳ ತುಂಬ ಸಣ್ಣ ಸಣ್ಣ ಗುಳ್ಳೆಗಳಿದ್ದವು. ಅಂಡಾಶಯದ ಒಂದು ತುಂಡನ್ನು ಕತ್ತರಿಸಿ ತೆಗೆದ ಮೇಲೆ ಮುಟ್ಟು ಮರಳಿತು. ಮುಂದಿನ ನಾಲ್ಕೂವರೆ ದಶಕ ಇದನ್ನು ಅಂಡಾಶಯದ ತೊಂದರೆ ಎಂದೇ ನೋಡಲಾಯಿತು. ಇವತ್ತಿಗೂ ನಮ್ಮ ಸ್ಕ್ಯಾನಿಂಗ್ ಕೋಣೆಗಳಲ್ಲಿ "ಗುಳ್ಳೆ ಇದೆ" ಎಂದು ಹೇಳುವುದು ಆ ಕಾಲದ ಉಳಿಕೆ. ಅವು ನಿಜವಾಗಿ ಅರ್ಧಕ್ಕೇ ಬೆಳವಣಿಗೆ ನಿಂತ ಅಂಡಕೋಶಿಕೆಗಳು, ಗಡ್ಡೆಗಳಲ್ಲ.

1980ರಲ್ಲಿ ಅಮೆರಿಕದ ಬರ್ಗನ್ ಮತ್ತು ಸಂಗಡಿಗರು ಪಿಸಿಓಎಸ್ ಇರುವ ಹೆಂಗಸರ ರಕ್ತದಲ್ಲಿ ಇನ್ಸುಲಿನ್ ಕೂಡ ಹೆಚ್ಚಿರುವುದನ್ನೂ, ಇನ್ಸುಲಿನ್ ಹೆಚ್ಚಿದಷ್ಟೂ ಗಂಡು ಹಾರ್ಮೋನು ಹೆಚ್ಚುವುದನ್ನೂ ತೋರಿಸಿದರು. ಮೈ ಬಂದಿರುವುದರಿಂದ ಹೀಗಾಗಿರಬಹುದು ಎಂಬ ಅನುಮಾನ ಉಳಿದಿತ್ತು. ಆಂಡ್ರಿಯಾ ಡುನೈಫ್ ಮತ್ತು ಅವರ ತಂಡ 1989ರಲ್ಲಿ ಅದನ್ನು ಬಗೆಹರಿಸಿತು. ತೆಳ್ಳಗಿರುವ ಪಿಸಿಓಎಸ್ ಹೆಂಗಸರಲ್ಲೂ ಇನ್ಸುಲಿನ್ ಪ್ರತಿರೋಧ ಇರುತ್ತದೆ ಎಂದು ಅವರ ಅಳತೆಗಳು ಹೇಳಿದವು.

ಇದರ ಹಿಂದಿನ ಜೀವರಸಾಯನ ಅಚ್ಚರಿಯದು. ಇನ್ಸುಲಿನ್ ಬರೀ ಸಕ್ಕರೆಯ ಹಾರ್ಮೋನಲ್ಲ. ಜೀವಕೋಶದ ಮೇಲೆ ಅದು ಬಂದು ಕೂತಾಗ ಒಳಗೆ ಹಲವು ಕೆಲಸಗಳಿಗೆ ಚಾಲನೆ ಸಿಗುತ್ತದೆ. ಪಿಸಿಓಎಸ್‌ನಲ್ಲಿ ಸಕ್ಕರೆಯನ್ನು ಒಳಗೆಳೆದುಕೊಳ್ಳುವ ದಾರಿ ಮಂದವಾಗಿರುತ್ತದೆ, ಆದರೆ ಅಂಡಾಶಯದಲ್ಲಿ ಹಾರ್ಮೋನು ತಯಾರಿಸುವ ದಾರಿ ಚುರುಕಾಗಿಯೇ ಇರುತ್ತದೆ. ಸ್ನಾಯುಗಳನ್ನು ಒಪ್ಪಿಸಲು ಗ್ರಂಥಿ ಹೆಚ್ಚು ಇನ್ಸುಲಿನ್ ಸುರಿಯುತ್ತದೆ, ಆ ಹೆಚ್ಚುವರಿ ಇನ್ಸುಲಿನ್ ಅಂಡಾಶಯಕ್ಕೆ ತಗುಲಿ ಟೆಸ್ಟೋಸ್ಟೆರೋನ್ ಹೆಚ್ಚಿಸುತ್ತದೆ. ಲಿವರ್‌ನಲ್ಲಿ, ಆ ಟೆಸ್ಟೋಸ್ಟೆರೋನನ್ನು ಹಿಡಿದಿಡುವ ಪ್ರೊಟೀನಿನ ತಯಾರಿಯನ್ನೂ ಅದೇ ಇನ್ಸುಲಿನ್ ಕುಗ್ಗಿಸುತ್ತದೆ. ಮುಟ್ಟು ತಪ್ಪುವುದು, ಗಲ್ಲದ ಮೇಲೆ ಕೂದಲು, ಕತ್ತಿನ ಹಿಂದೆ ಕಪ್ಪು ಪಟ್ಟಿ ಇವೆಲ್ಲ ಒಂದೇ ಕಥೆಯ ಬೇರೆ ಬೇರೆ ಅಧ್ಯಾಯಗಳು.

ಡುನೈಫ್ ಕಂಡುಕೊಂಡ ತೆಳ್ಳಗಿನವರ ವಿಷಯ ನಮ್ಮ ನಾಡಿಗೆ ಇನ್ನೂ ಹೆಚ್ಚು ಮುಖ್ಯ. ದಕ್ಷಿಣ ಏಷ್ಯಾದ ಜನರಲ್ಲಿ ಯುರೋಪಿನವರಷ್ಟೇ ತೂಕವಿದ್ದರೂ ಕೊಬ್ಬಿನ ಪಾಲು ಹೆಚ್ಚು, ಸ್ನಾಯುವಿನ ಪಾಲು ಕಡಿಮೆ. ನೋಡಲು ಸಣಕಲಾಗಿರುವ ಹುಡುಗಿಗೆ "ನಿನಗೆಲ್ಲಿಯ ಶುಗರ್" ಎಂದು ಪರೀಕ್ಷೆ ತಪ್ಪಿಸುವುದು ಇಲ್ಲಿ ನಡೆಯುವ ದೊಡ್ಡ ತಪ್ಪು.

ಮಗುವಿನ ಕಡೆಯಿಂದ

ತಾಯಿಯ ಇನ್ಸುಲಿನ್ ಮಾಸನ್ನು ದಾಟಿ ಮಗುವನ್ನು ತಲುಪುವುದಿಲ್ಲ. ಸಕ್ಕರೆ ಮಾತ್ರ ದಾಟುತ್ತದೆ. ಕೆರೆ ತುಂಬಿದಷ್ಟೂ ತೂಬಿನಿಂದ ಗದ್ದೆಗೆ ನೀರು ನುಗ್ಗುವಂತೆ, ತಾಯಿಯ ರಕ್ತದಲ್ಲಿ ಸಕ್ಕರೆ ಏರಿದಷ್ಟೂ ಮಗುವಿನ ಕಡೆಗೆ ಹರಿಯುತ್ತದೆ. ಆಗ ಮಗು ತನ್ನ ಪುಟ್ಟ ಗ್ರಂಥಿಯಿಂದಲೇ ಇನ್ಸುಲಿನ್ ತಯಾರಿಸಿ ಅದನ್ನು ನಿಭಾಯಿಸಬೇಕು. ಡೆನ್ಮಾರ್ಕಿನ ಯೋರ್ಗನ್ ಪೆಡರ್ಸನ್ ಕಳೆದ ಶತಮಾನದ ಮಧ್ಯದಲ್ಲಿ ಮಂಡಿಸಿದ ಈ ವಿವರಣೆ ಇಂದಿಗೂ ಈ ವಿಷಯದ ಅಡಿಗಲ್ಲು. ಹೊಟ್ಟೆಯೊಳಗಿನ ಮಗುವಿಗೆ ಇನ್ಸುಲಿನ್ ಬೆಳವಣಿಗೆಯ ಹಾರ್ಮೋನು ಕೂಡ ಹೌದು. ಹೊಟ್ಟೆಯ ಸುತ್ತ, ಭುಜದ ಸುತ್ತ ಕೊಬ್ಬು ಶೇಖರವಾಗುತ್ತದೆ. ಹೆರಿಗೆಯಲ್ಲಿ ತಲೆ ಬಂದ ಮೇಲೆ ಭುಜ ಸಿಕ್ಕಿಕೊಳ್ಳುವ ಅಪಾಯ ಬರುವುದು ಹೀಗೆ. ಹುಟ್ಟಿದ ಮೇಲೆ ಹೊಕ್ಕುಳಬಳ್ಳಿ ಕತ್ತರಿಸಿದ ಕ್ಷಣ ತಾಯಿಯ ಸಕ್ಕರೆ ನಿಲ್ಲುತ್ತದೆ, ಮಗುವಿನ ಇನ್ಸುಲಿನ್ ಮಾತ್ರ ಅದೇ ಭರದಲ್ಲಿ ಸುರಿಯುತ್ತಿರುತ್ತದೆ. ಮಗುವಿನ ಸಕ್ಕರೆ ದಿಢೀರನೆ ಕುಸಿಯಬಹುದು. ಮೊದಲ ಒಂದು ಗಂಟೆಯೊಳಗೆ ಎದೆಹಾಲು ಕೊಡಿ ಎಂದು ನರ್ಸ್‌ಗಳು ಒತ್ತಾಯಿಸುವುದಕ್ಕೆ ಇದೂ ಒಂದು ಕಾರಣ.

ಇದರ ದೂರದ ಪರಿಣಾಮವನ್ನು ಜಗತ್ತಿಗೆ ಹೇಳಿದ ಊರುಗಳಲ್ಲಿ ನಮ್ಮ ಮೈಸೂರೂ ಒಂದು. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನು ಹಳೆಯ ಮೈಸೂರಿಗರು ಮಿಷನ್ ಆಸ್ಪತ್ರೆ ಎಂದೇ ಕರೆಯುತ್ತಾರೆ. 1997-98ರಲ್ಲಿ ಅಲ್ಲಿಗೆ ತಪಾಸಣೆಗೆ ಬರುತ್ತಿದ್ದ ಗರ್ಭಿಣಿಯರಿಂದ 'ಪಾರ್ಥೆನಾನ್' ಎಂಬ ಅಧ್ಯಯನ ಶುರುವಾಯಿತು. ಸಕ್ಕರೆ ಪರೀಕ್ಷೆ ಮಾಡಿದಾಗ ನೂರರಲ್ಲಿ ಸುಮಾರು ಆರು ಮಂದಿಗೆ ಗರ್ಭಾವಸ್ಥೆಯ ಮಧುಮೇಹ ಕಂಡಿತು. ಡಾ. ಜಿ.ವಿ. ಕೃಷ್ಣವೇಣಿ ಮತ್ತು ಸಂಗಡಿಗರು ಆ ತಾಯಂದಿರನ್ನೂ ಮಕ್ಕಳನ್ನೂ ವರ್ಷಗಟ್ಟಲೆ ಹಿಂಬಾಲಿಸಿದರು. ಐದು ವರ್ಷವಾದಾಗ, ಬಸಿರಿನಲ್ಲಿ ಸಕ್ಕರೆ ಏರಿದ್ದ ತಾಯಂದಿರಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಮಂದಿಗೆ ಮಧುಮೇಹ ಬಂದಿತ್ತು. ಉಳಿದ ತಾಯಂದಿರಲ್ಲಿ ಅದು ನೂರಕ್ಕೆ ಎರಡರಷ್ಟು ಮಾತ್ರ. ಮಕ್ಕಳು ಒಂಬತ್ತು ದಾಟುವ ಹೊತ್ತಿಗೆ, ಸಕ್ಕರೆ ಇದ್ದ ತಾಯಂದಿರ ಮಕ್ಕಳ ಮೈಯಲ್ಲಿ ಕೊಬ್ಬೂ ರಕ್ತದಲ್ಲಿ ಇನ್ಸುಲಿನ್ನೂ ಹೆಚ್ಚಿದ್ದವು. ಒಂದು ಊರಿನ ಒಂದು ಆಸ್ಪತ್ರೆ ಇಷ್ಟು ತಾಳ್ಮೆಯಿಂದ ಒಂದು ಪೀಳಿಗೆಯನ್ನು ಕಾದು ನೋಡಿದ್ದು ನನ್ನ ಮಟ್ಟಿಗೆ ಕರ್ನಾಟಕದ ವಿಜ್ಞಾನ ಹೆಮ್ಮೆಪಡಬೇಕಾದ ಕೆಲಸ.

ಪರೀಕ್ಷೆ ಯಾವಾಗ, ಗೆರೆ ಎಲ್ಲಿ

ಸಕ್ಕರೆ ಎಷ್ಟಾದರೆ ಹೆಚ್ಚು ಎಂಬ ಪ್ರಶ್ನೆಗೆ ಪ್ರಕೃತಿಯಲ್ಲಿ ಉತ್ತರವಿಲ್ಲ. 1964ರಲ್ಲಿ ಬೋಸ್ಟನ್ನಿನ ಜಾನ್ ಒ'ಸಲಿವನ್ ಮೊದಲು ಎಳೆದ ಗೆರೆ, ಮುಂದೆ ಯಾವ ತಾಯಿಗೆ ಮಧುಮೇಹ ಬರುತ್ತದೆ ಎಂದು ಊಹಿಸಲು ಮಾಡಿದ್ದು. ಮಗುವಿಗೆ ಏನಾಗುತ್ತದೆ ಎಂಬುದು ಆ ಲೆಕ್ಕದಲ್ಲಿ ಇರಲಿಲ್ಲ. ಮಗುವನ್ನು ಕೇಂದ್ರದಲ್ಲಿಟ್ಟ ದೊಡ್ಡ ಅಧ್ಯಯನ 'ಹ್ಯಾಪೊ'. ಒಂಬತ್ತು ದೇಶಗಳ ಇಪ್ಪತ್ತು ಸಾವಿರಕ್ಕೂ ಹೆಚ್ಚು ಗರ್ಭಿಣಿಯರ ಮೇಲೆ ನಡೆದ ಅದರ ಫಲಿತಾಂಶ 2008ರಲ್ಲಿ ಬಂತು. ತಾಯಿಯ ಸಕ್ಕರೆ ಸ್ವಲ್ಪ ಏರಿದರೆ ತೊಂದರೆ ಸ್ವಲ್ಪ, ಇನ್ನಷ್ಟು ಏರಿದರೆ ಇನ್ನಷ್ಟು. ಇಲ್ಲಿಯವರೆಗೆ ಸುರಕ್ಷಿತ ಎನ್ನುವಂಥ ಮೆಟ್ಟಿಲು ಎಲ್ಲೂ ಕಾಣಲಿಲ್ಲ. ಆದ್ದರಿಂದ ಗೆರೆ ಎಳೆದದ್ದು ತಜ್ಞರು ಕೂತು ಮಾಡಿದ ತೀರ್ಮಾನ. 75 ಗ್ರಾಂ ಗ್ಲೂಕೋಸ್ ಕುಡಿಸಿ ಮಾಡುವ ಅಂತರರಾಷ್ಟ್ರೀಯ ಪರೀಕ್ಷೆಯಲ್ಲಿ ಖಾಲಿ ಹೊಟ್ಟೆಗೆ 92, ಒಂದು ಗಂಟೆಗೆ 180, ಎರಡು ಗಂಟೆಗೆ 153. ಇವು 100 ಮಿಲಿಲೀಟರ್ ರಕ್ತದಲ್ಲಿ ಎಷ್ಟು ಮಿಲಿಗ್ರಾಂ ಎಂಬ ಲೆಕ್ಕ. ಮೂರರಲ್ಲಿ ಒಂದು ಮುಟ್ಟಿದರೂ ಸಾಕು.

ನಮ್ಮ ದೇಶದಲ್ಲಿ ಇನ್ನೊಂದು ದಾರಿಯಿದೆ. ಚೆನ್ನೈನ ಡಾ. ವಿ. ಶೇಷಯ್ಯ ಅವರ ಪ್ರಯತ್ನದಿಂದ ಬಳಕೆಗೆ ಬಂದ ಪರೀಕ್ಷೆಯಲ್ಲಿ ಬಸುರಿ ಉಪವಾಸ ಬರಬೇಕಿಲ್ಲ. ಉಂಡು ಬಂದಿರಲಿ, ಉಣ್ಣದೆ ಬಂದಿರಲಿ, 75 ಗ್ರಾಂ ಗ್ಲೂಕೋಸನ್ನು ನೀರಿನಲ್ಲಿ ಕದಡಿ ಕುಡಿಸಿ ಎರಡು ಗಂಟೆಯ ನಂತರ ಒಂದೇ ಸಲ ರಕ್ತ ತೆಗೆಯುತ್ತಾರೆ. 140 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಗರ್ಭಾವಸ್ಥೆಯ ಮಧುಮೇಹ. ಬೆಳಗಿನ ಬಸ್ಸು ಹಿಡಿದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬರುವ ಹೆಣ್ಣುಮಗಳನ್ನು ಮತ್ತೊಂದು ದಿನ ಖಾಲಿ ಹೊಟ್ಟೆಯಲ್ಲಿ ಬಾ ಎಂದರೆ ಅವಳು ಬರುವುದಿಲ್ಲ. ಆ ವಾಸ್ತವವನ್ನು ಒಪ್ಪಿಕೊಂಡ ಪರೀಕ್ಷೆ ಇದು. ಕೇಂದ್ರ ಸರ್ಕಾರದ ಮಾರ್ಗಸೂಚಿ ಇದನ್ನು ಮೊದಲ ಭೇಟಿಯಲ್ಲಿ ಒಮ್ಮೆ, 24ರಿಂದ 28 ವಾರಗಳ ನಡುವೆ ಮತ್ತೊಮ್ಮೆ ಮಾಡಿ ಎನ್ನುತ್ತದೆ. ಶೇಷಯ್ಯ ಅವರ ಜನ್ಮದಿನವಾದ ಮಾರ್ಚ್ 10 ಗರ್ಭಾವಸ್ಥೆಯ ಮಧುಮೇಹ ಜಾಗೃತಿಯ ದಿನ.

ಪಿಸಿಓಎಸ್ ಇರುವವರು ಎಡವುವುದು ಮೊದಲ ಭೇಟಿಯಲ್ಲಿ ಆಗಬೇಕಾದ ಪರೀಕ್ಷೆಯಲ್ಲಿ. ಮಕ್ಕಳಾಗಲೆಂದು ಒಂದು ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಚಿಕಿತ್ಸೆ ನಡೆದಿರುತ್ತದೆ. ಮುಟ್ಟು, ಅಂಡಕೋಶಿಕೆಯ ಗಾತ್ರ, ಹಾರ್ಮೋನು ಎಲ್ಲದರ ವಿವರವೂ ಆ ಫೈಲಿನಲ್ಲಿರುತ್ತದೆ. ಗರ್ಭ ನಿಂತ ದಿನ ಆ ಫೈಲು ಕಪಾಟು ಸೇರುತ್ತದೆ. ತಾಯಿ ಕಾರ್ಡ್ ಹೊಸದಾಗಿ ಶುರುವಾಗುತ್ತದೆ, ಅದರಲ್ಲಿ ಪಿಸಿಓಎಸ್ ಎಂಬ ಅಕ್ಷರಗಳೇ ಇರುವುದಿಲ್ಲ. ಮನೆಯವರಿಗೂ ಅದು ಮಕ್ಕಳಾಗದ ಕಾಲದ ಕೆಟ್ಟ ನೆನಪು, ಎತ್ತುವುದು ಬೇಡ. ಹೀಗೆ ಎಲ್ಲರಿಗಿಂತ ಮೊದಲು ಪರೀಕ್ಷೆ ಆಗಬೇಕಾದವಳು ಎಲ್ಲರಂತೆ ಆರನೇ ತಿಂಗಳವರೆಗೆ ಕಾಯುತ್ತಾಳೆ.

ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದ ಮುಂದಾಳತ್ವದಲ್ಲಿ 2023ರಲ್ಲಿ ಹೊರಬಂದ ಅಂತರರಾಷ್ಟ್ರೀಯ ಮಾರ್ಗಸೂಚಿ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಪಿಸಿಓಎಸ್ ಇರುವವರು ಗರ್ಭ ಧರಿಸಲು ಯೋಚಿಸುವಾಗಲೇ ಗ್ಲೂಕೋಸ್ ಪರೀಕ್ಷೆ ಮಾಡಿಸಿಕೊಳ್ಳಬೇಕು. ಆಗದಿದ್ದರೆ ಮೊದಲ ತಪಾಸಣೆಯಲ್ಲಿ ಆಗಬೇಕು. 24ರಿಂದ 28 ವಾರದ ನಡುವೆ ಮತ್ತೊಮ್ಮೆ. ಗರ್ಭಕ್ಕೆ ಮುಂಚಿನ ಪರೀಕ್ಷೆಗೆ ಬಲವಾದ ಕಾರಣವಿದೆ. ಮಗುವಿನ ಹೃದಯ, ಬೆನ್ನುಹುರಿ ರೂಪುಗೊಳ್ಳುವುದು ಮೊದಲ ಎಂಟು ವಾರಗಳಲ್ಲಿ, ಎಷ್ಟೋ ಸಲ ಬಸಿರು ಗೊತ್ತಾಗುವ ಮೊದಲೇ. ಪತ್ತೆಯಾಗದ ಮಧುಮೇಹ ಆಗಲೇ ಇದ್ದರೆ ಅಂಗಗಳ ರಚನೆಯಲ್ಲೇ ಲೋಪ ಬರಬಹುದು. ಬೇರೆ ಹೆಂಗಸರಲ್ಲಿ ಹೆಚ್ಚಿನವರಿಗೆ ಈ ಮುನ್ನೆಚ್ಚರಿಕೆ ಸಿಗುವುದಿಲ್ಲ, ಅವರು ವೈದ್ಯರ ಬಳಿ ಬರುವುದು ಗರ್ಭ ನಿಂತ ಮೇಲೆ. ಪಿಸಿಓಎಸ್ ಚಿಕಿತ್ಸೆಯಲ್ಲಿರುವವಳು ಮೊದಲೇ ವೈದ್ಯರ ಎದುರು ಕೂತಿರುತ್ತಾಳೆ. ಆ ಅವಕಾಶವನ್ನು ಕೈಬಿಡುವುದು ನೋವಿನ ಸಂಗತಿ.

ಬೇಗ ಪತ್ತೆಮಾಡಿ ಬೇಗ ಚಿಕಿತ್ಸೆ ಕೊಟ್ಟರೆ ಲಾಭವಿದೆಯೇ ಎಂಬುದಕ್ಕೂ ಈಗ ಪುರಾವೆಯಿದೆ. ಭಾರತವೂ ಭಾಗವಹಿಸಿದ 'ಟೊಬಾಗಮ್' ಎಂಬ ಪ್ರಯೋಗದ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಅಪಾಯದ ಅಂಶಗಳಿರುವ ಗರ್ಭಿಣಿಯರಲ್ಲಿ 20 ವಾರದೊಳಗೆ ಪತ್ತೆಯಾದ ಸಕ್ಕರೆಗೆ ಆಗಲೇ ಚಿಕಿತ್ಸೆ ಕೊಟ್ಟಾಗ ನವಜಾತ ಶಿಶುಗಳ ತೊಂದರೆ ನೂರಕ್ಕೆ ಸುಮಾರು 30ರಿಂದ 25ಕ್ಕೆ ಇಳಿಯಿತು. ದೊಡ್ಡ ಜಿಗಿತವಲ್ಲ, ಆದರೆ ತಳ್ಳಿಹಾಕುವಂಥದ್ದೂ ಅಲ್ಲ.

ಎಚ್‌ಬಿಎ1ಸಿ ಪರೀಕ್ಷೆಯೊಂದನ್ನೇ ನಂಬಿ ಕೂರಬೇಡಿ. ಮೂರು ತಿಂಗಳ ಸರಾಸರಿ ಹೇಳುವ ಈ ಪರೀಕ್ಷೆ ಕೆಂಪು ರಕ್ತಕಣದ ಆಯಸ್ಸನ್ನು ಅವಲಂಬಿಸಿದೆ. ಬಸಿರಿನಲ್ಲಿ ಕಣಗಳು ಬೇಗ ಬೇಗ ಹೊಸದಾಗುವುದರಿಂದ ಅದು ಕಡಿಮೆ ತೋರಿಸಬಹುದು, ಕಬ್ಬಿಣಾಂಶದ ಕೊರತೆಯಿದ್ದರೆ ಹೆಚ್ಚು ತೋರಿಸಬಹುದು. ನಮ್ಮ ಗರ್ಭಿಣಿಯರಲ್ಲಿ ಎರಡೂ ಒಟ್ಟಿಗೆ ಇರುವುದು ಸಾಮಾನ್ಯ.

ತಟ್ಟೆಯಲ್ಲಿ ಏನು, ಯಾವ ಕ್ರಮದಲ್ಲಿ

ಸಕ್ಕರೆ ಏರಿದೆ ಎಂದು ಗೊತ್ತಾದ ಮೇಲೆ ಮೊದಲ ಚಿಕಿತ್ಸೆ ಊಟ ಮತ್ತು ನಡಿಗೆ. ಇಲ್ಲಿ ಎರಡು ಅತಿರೇಕಗಳನ್ನು ಕಾಣುತ್ತೇವೆ. ಒಂದು, ಹೊಟ್ಟೆಯಲ್ಲಿ ಇಬ್ಬರಿದ್ದಾರೆಂದು ಇಬ್ಬರ ಊಟ ಬಡಿಸುವುದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಲೆಕ್ಕದಲ್ಲಿ ಗರ್ಭಿಣಿಗೆ ದಿನಕ್ಕೆ ಹೆಚ್ಚುವರಿ ಬೇಕಿರುವುದು 350 ಕಿಲೋಕ್ಯಾಲೊರಿ ಮಾತ್ರ. ಇನ್ನೊಂದು, ಹೆದರಿಕೊಂಡು ಅನ್ನ, ರೊಟ್ಟಿ ಪೂರ್ತಿ ಬಿಟ್ಟು ಉಪವಾಸ ಮಾಡುವುದು. ಹೊಟ್ಟೆಗೆ ಹಿಟ್ಟಿನಂಶ ಬೀಳದಿದ್ದರೆ ದೇಹ ಕೊಬ್ಬನ್ನು ಕರಗಿಸಿ ಕೀಟೋನ್ ತಯಾರಿಸುತ್ತದೆ. ಬಸಿರಿನಲ್ಲಿ ಅದು ಒಳ್ಳೆಯದಲ್ಲ. ದಿನಕ್ಕೆ ಕನಿಷ್ಠ 175 ಗ್ರಾಂ ಕಾರ್ಬೋಹೈಡ್ರೇಟ್ ಗರ್ಭಿಣಿಗೆ ಬೇಕು ಎಂಬುದು ಸಾಮಾನ್ಯವಾಗಿ ಒಪ್ಪಿರುವ ಅಳತೆ. ಅದನ್ನು ಮೂರು ಊಟ, ಎರಡು ಮೂರು ಸಣ್ಣ ತಿಂಡಿಗಳಾಗಿ ಹಂಚಿಕೊಳ್ಳಬೇಕು.

ಎಲ್ಲಕ್ಕಿಂತ ಕಷ್ಟದ ಹೊತ್ತು ಬೆಳಗಿನ ತಿಂಡಿ. ಮುಂಜಾನೆ ಕಾರ್ಟಿಸಾಲ್ ಹೆಚ್ಚಿರುವುದರಿಂದ ಇನ್ಸುಲಿನ್ ಪ್ರತಿರೋಧವೂ ಆಗಲೇ ಜಾಸ್ತಿ. ನಮ್ಮ ತಿಂಡಿಗಳೋ ಹೆಚ್ಚಿನವು ಅಕ್ಕಿ ಅಥವಾ ರವೆ: ಇಡ್ಲಿ, ದೋಸೆ, ಚಿತ್ರಾನ್ನ, ಉಪ್ಪಿಟ್ಟು, ಅವಲಕ್ಕಿ. ಮಧ್ಯಾಹ್ನ ಸಕ್ಕರೆ ಏರಿಸದ ಅದೇ ಪ್ರಮಾಣ ಬೆಳಿಗ್ಗೆ ಏರಿಸಿಬಿಡುತ್ತದೆ. ನಾಲ್ಕು ಇಡ್ಲಿಯ ಜಾಗದಲ್ಲಿ ಎರಡು, ಜೊತೆಗೆ ತರಕಾರಿ ತುಂಬಿದ ಬೇಳೆ ಹುಳಿ, ಒಂದು ಮೊಟ್ಟೆ ಅಥವಾ ಮೊಳಕೆ ಹೆಸರುಕಾಳು. ಹೆಸರುಬೇಳೆ ದೋಸೆ, ಅಡೈ ಚೆನ್ನಾಗಿ ಒಗ್ಗುತ್ತವೆ. ಹಣ್ಣು, ಹಾಲನ್ನು ತಿಂಡಿಯ ಜೊತೆಗೆ ಸೇರಿಸದೆ ಹನ್ನೊಂದು ಗಂಟೆಗೆ ಮುಂದೂಡಿದರೆ ಅನೇಕರಿಗೆ ಬೆಳಗಿನ ಸಂಖ್ಯೆ ಇಳಿಯುತ್ತದೆ.

ರಾಗಿಯ ಬಗ್ಗೆ ಒಂದು ಮಾತು. ರಾಗಿಯಲ್ಲಿ ನಾರಿದೆ, ಸುಣ್ಣದಂಶ ಹೇರಳವಾಗಿದೆ, ಬಸುರಿಗೆ ಒಳ್ಳೆಯದು. ಆದರೆ ರಾಗಿ ಎಂದ ಮಾತ್ರಕ್ಕೆ ಸಕ್ಕರೆ ಏರುವುದಿಲ್ಲ ಎಂಬ ನಂಬಿಕೆ ಸರಿಯಲ್ಲ. ನುಣ್ಣಗೆ ಬೀಸಿದ ಹಿಟ್ಟಿನ ಗಂಜಿ, ಬೆಲ್ಲ ಹಾಕಿದ ರಾಗಿ ಮಾಲ್ಟ್ ಬೇಗ ಜೀರ್ಣವಾಗಿ ರಕ್ತ ಸೇರುತ್ತವೆ. ಮುದ್ದೆಯ ಗಾತ್ರ ಚಿಕ್ಕದಿರಲಿ, ಬಸ್ಸಾರಿನ ಸೊಪ್ಪು ಕಾಳು ದೊಡ್ಡ ಪಾಲಿರಲಿ. ಉತ್ತರ ಕರ್ನಾಟಕದ ಊಟಕ್ಕೆ ಈ ವಿಷಯದಲ್ಲಿ ಒಂದು ಅನುಕೂಲವಿದೆ: ಜೋಳದ ರೊಟ್ಟಿಯ ಪಕ್ಕದಲ್ಲಿ ಮಡಿಕೆ ಕಾಳಿನ ಪಲ್ಯ, ಪುಂಡಿಪಲ್ಯ, ಶೇಂಗಾ ಚಟ್ನಿ, ಮೊಸರು, ಹಸಿ ಸೌತೆ ಎಲ್ಲ ತಾವಾಗಿಯೇ ಬರುತ್ತವೆ. ಸಕ್ಕರೆ ಬಿಟ್ಟು ಬೆಲ್ಲ ಹಿಡಿದರೆ ಲಾಭವಿಲ್ಲ, ರಕ್ತದ ಪಾಲಿಗೆ ಎರಡೂ ಒಂದೇ. ಹಣ್ಣಿನ ರಸ ಬೇಡ, ಹಣ್ಣನ್ನೇ ತಿನ್ನಿ.

ತಿನ್ನುವ ಕ್ರಮಕ್ಕೂ ಬೆಲೆಯಿದೆ. ತರಕಾರಿ, ಬೇಳೆಕಾಳು, ಮೊಸರನ್ನು ಮೊದಲು ತಿಂದು ಅನ್ನ, ರೊಟ್ಟಿಯನ್ನು ಆಮೇಲೆ ತಿಂದರೆ ಊಟದ ನಂತರದ ಸಕ್ಕರೆ ಕಡಿಮೆ ಏರುತ್ತದೆ ಎಂದು ಮಧುಮೇಹಿಗಳ ಮೇಲಿನ ಪ್ರಯೋಗಗಳು ತೋರಿಸಿವೆ. ಏಳನೇ ತಿಂಗಳಿಗೆ ಸೀಮಂತ, ಕುಬುಸ ಇಟ್ಟುಕೊಳ್ಳುವ ಮನೆಗಳೇ ಹೆಚ್ಚು. ಮಾಸಿನ ಹಾರ್ಮೋನುಗಳು ಭರದಿಂದ ಏರುವ ಕಾಲವೂ ಅದೇ. ಬಸುರಿಯ ಬಯಕೆಯನ್ನು ಚಿವುಟಬೇಕೆಂದು ನಾನು ಹೇಳುವುದಿಲ್ಲ. ಎಲೆಗೆ ಬಿದ್ದ ಕೋಸಂಬರಿ, ಪಲ್ಯವನ್ನು ಅನ್ನ ಬರುವ ಮೊದಲೇ ತಿಂದು ಮುಗಿಸಲಿ, ಹೋಳಿಗೆ ಅರ್ಧವಿರಲಿ, ಆಮೇಲೆ ಹದಿನೈದು ನಿಮಿಷ ಅಂಗಳದಲ್ಲಿ ಓಡಾಡಲಿ. ದುಡಿಯುವ ಸ್ನಾಯು ಇನ್ಸುಲಿನ್‌ನ ಅಪ್ಪಣೆಗೆ ಕಾಯದೆ ಸಕ್ಕರೆ ಎಳೆದುಕೊಳ್ಳುತ್ತದೆ. ಇನ್ಸುಲಿನ್ ಮಾತು ಕೇಳದ ದೇಹಕ್ಕೆ ಇದಕ್ಕಿಂತ ಒಳ್ಳೆಯ ಅಡ್ಡದಾರಿ ಇನ್ನೊಂದಿಲ್ಲ. ವೈದ್ಯರು ವಿಶ್ರಾಂತಿ ಹೇಳಿದ್ದರೆ ಮಾತ್ರ ನಡಿಗೆ ಬೇಡ.

ಗ್ಲೂಕೋಮೀಟರ್ ಮನೆಯಲ್ಲಿದ್ದರೆ ಈ ಎಲ್ಲ ಸಲಹೆಗಳನ್ನು ನಿಮ್ಮ ಮೈ ಒಪ್ಪುತ್ತದೆಯೇ ಎಂದು ನೀವೇ ನೋಡಬಹುದು. ಸಾಮಾನ್ಯವಾಗಿ ಖಾಲಿ ಹೊಟ್ಟೆಗೆ 95ಕ್ಕಿಂತ ಕಡಿಮೆ, ಊಟದ ಒಂದು ಗಂಟೆಗೆ 140ಕ್ಕಿಂತ ಕಡಿಮೆ, ಎರಡು ಗಂಟೆಗೆ 120ಕ್ಕಿಂತ ಕಡಿಮೆ ಇರಬೇಕು. ಗಂಟೆಯ ಎಣಿಕೆ ಮೊದಲ ತುತ್ತಿನಿಂದ. ಎರಡು ಇಡ್ಲಿಗೆ 150 ಬಂದು, ಎರಡು ಹೆಸರುಬೇಳೆ ದೋಸೆಗೆ 125 ಬಂದರೆ ನಿಮಗೆ ಯಾವುದು ಸರಿ ಎಂದು ಯಾರೂ ಹೇಳಿಕೊಡಬೇಕಿಲ್ಲ.

ಮಾತ್ರೆ, ಇಂಜೆಕ್ಷನ್

ಸುಮಾರು ಎರಡು ವಾರ ಊಟ, ನಡಿಗೆಯಿಂದ ಸಂಖ್ಯೆಗಳು ಇಳಿಯದಿದ್ದರೆ ಔಷಧಿ ಬೇಕು. ಪಿಸಿಓಎಸ್ ಇರುವವರಿಗೆ ಮೆಟ್‌ಫಾರ್ಮಿನ್ ಹಳೆಯ ಪರಿಚಯ, ಗರ್ಭ ಧರಿಸುವ ಮುಂಚೆಯೇ ಅನೇಕರು ಅದನ್ನು ನುಂಗುತ್ತಿರುತ್ತಾರೆ. ಅದನ್ನು ಬಸಿರಿನುದ್ದಕ್ಕೂ ಮುಂದುವರಿಸಿದರೆ ಸಕ್ಕರೆ ಕಾಯಿಲೆ ಬರದಂತೆ ತಡೆಯಬಹುದೇ? ಹಾಗೆಂದು ವೈದ್ಯರು ಬಹುಕಾಲ ಆಶಿಸಿದ್ದರು. ನಾರ್ವೆಯ ಎಸ್ತರ್ ವಾಂಕಿ ಅವರ ತಂಡ ಈ ಪ್ರಶ್ನೆಯ ಬೆನ್ನುಹತ್ತಿ ಸಾಲುಸಾಲು ಪ್ರಯೋಗ ನಡೆಸಿತು. 2019ರಲ್ಲಿ ಪ್ರಕಟವಾದ 'ಪ್ರೆಗ್‌ಮೆಟ್ 2'ರಲ್ಲಿ ಪಿಸಿಓಎಸ್ ಇರುವ ಗರ್ಭಿಣಿಯರಲ್ಲಿ ಅರ್ಧ ಮಂದಿಗೆ ಮೆಟ್‌ಫಾರ್ಮಿನ್, ಉಳಿದರ್ಧಕ್ಕೆ ಔಷಧವಿಲ್ಲದ ಮಾತ್ರೆ ಕೊಟ್ಟರು. ಎರಡೂ ಗುಂಪಿನಲ್ಲಿ ನಾಲ್ವರಲ್ಲಿ ಒಬ್ಬರಿಗೆ ಗರ್ಭಾವಸ್ಥೆಯ ಮಧುಮೇಹ ಬಂತು. ಮಾತ್ರೆ ಅದನ್ನು ತಡೆಯಲಿಲ್ಲ. ಆದರೆ ಈ ತಂಡದ ಪ್ರಯೋಗಗಳನ್ನೆಲ್ಲ ಕೂಡಿಸಿದಾಗ, ತಡವಾದ ಗರ್ಭಪಾತ ಮತ್ತು ಅವಧಿಗೆ ಮುಂಚಿನ ಹೆರಿಗೆ ನೂರಕ್ಕೆ ಹತ್ತರಿಂದ ಐದಕ್ಕೆ ಇಳಿದಿತ್ತು. ಇನ್ನೊಂದು ಕಡೆ, ಮೆಟ್‌ಫಾರ್ಮಿನ್ ಮಾಸನ್ನು ದಾಟುತ್ತದೆ. ಬಸಿರಿನಲ್ಲಿ ಅದನ್ನು ತೆಗೆದುಕೊಂಡಿದ್ದ ತಾಯಂದಿರ ಮಕ್ಕಳನ್ನು ನಾಲ್ಕನೇ ವಯಸ್ಸಿನಲ್ಲಿ ತೂಗಿದಾಗ ಅವರ ತೂಕ ತುಸು ಹೆಚ್ಚಿತ್ತು. ಒಳಿತೂ ಇದೆ, ಎಚ್ಚರಕ್ಕೆ ಕಾರಣವೂ ಇದೆ. ಮುಂದುವರಿಸಬೇಕೋ ನಿಲ್ಲಿಸಬೇಕೋ ಎಂಬುದನ್ನು ಔಷಧಿ ಅಂಗಡಿಯಲ್ಲಾಗಲಿ ಮನೆಯಲ್ಲಾಗಲಿ ತೀರ್ಮಾನಿಸಬಾರದು, ವೈದ್ಯರ ಎದುರು ಕೂತು ಕೇಳಿ. ಪಿಸಿಓಎಸ್ ಇರುವವರಿಗೆ ಪೂರಕವಾಗಿ ಕೊಡುವ ಇನಾಸಿಟಾಲ್ ಪುಡಿಯ ಮೇಲೂ ದೊಡ್ಡ ಆಸೆಯಿತ್ತು. ನೆದರ್ಲೆಂಡ್ಸ್‌ನಲ್ಲಿ ಪಿಸಿಓಎಸ್ ಗರ್ಭಿಣಿಯರ ಮೇಲೇ ನಡೆದ ಪ್ರಯೋಗ ಅದನ್ನು ಪುಷ್ಟೀಕರಿಸಲಿಲ್ಲ.

ಏರಿದ ಸಕ್ಕರೆಯನ್ನು ಇಳಿಸುವ ವಿಷಯ ಬೇರೆ. ಅಲ್ಲಿ ಮೆಟ್‌ಫಾರ್ಮಿನ್ ಕೆಲಸ ಮಾಡುತ್ತದೆ. ಆದರೂ 2008ರ ಒಂದು ದೊಡ್ಡ ಪ್ರಯೋಗದಲ್ಲಿ ಅದನ್ನು ಶುರುಮಾಡಿದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಇನ್ಸುಲಿನ್ ಕೂಡ ಬೇಕಾಯಿತು. ಇನ್ಸುಲಿನ್ ಎಂದರೆ ನಮ್ಮವರಿಗೆ ಭಯ. ಒಮ್ಮೆ ಚುಚ್ಚಿಸಿಕೊಂಡರೆ ಸಾಯುವವರೆಗೂ ಬಿಡದು ಎನ್ನುತ್ತಾರೆ. ಗರ್ಭಾವಸ್ಥೆಯ ಮಧುಮೇಹದಲ್ಲಿ ಇದು ಸುಳ್ಳು. ಪ್ರತಿರೋಧ ತಂದದ್ದು ಮಾಸು, ಹೆರಿಗೆಯಲ್ಲಿ ಅದು ಹೊರಬೀಳುತ್ತದೆ, ಬಹುಪಾಲು ತಾಯಂದಿರಿಗೆ ಅಂದೇ ಇನ್ಸುಲಿನ್ ನಿಲ್ಲುತ್ತದೆ. ಅದು ಮಗುವಿನ ಮೈ ಸೇರುವುದಿಲ್ಲವಾದ್ದರಿಂದ ದಶಕಗಳ ಅನುಭವದಲ್ಲಿ ಅತ್ಯಂತ ನಂಬಿಕೆಗೆ ಅರ್ಹವಾದ ಔಷಧವೂ ಹೌದು. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಬೆವರು, ನಡುಕ, ತಲೆಸುತ್ತು ಬಂದು ಸಕ್ಕರೆ 70ಕ್ಕಿಂತ ಇಳಿದರೆ ಮೂರು ಚಮಚ ಗ್ಲೂಕೋಸ್ ಪುಡಿಯನ್ನು ಒಂದು ಲೋಟ ನೀರಿಗೆ ಹಾಕಿ ಕೂಡಲೇ ಕುಡಿಸಬೇಕು. ಇದು ಮನೆಯ ಎಲ್ಲರಿಗೂ ಗೊತ್ತಿರಲಿ. ಪಿಸಿಓಎಸ್ ಇರುವವರಲ್ಲಿ ಬಸಿರಿನ ರಕ್ತದೊತ್ತಡದ ಅಪಾಯವೂ ಹೆಚ್ಚು, ಆದ್ದರಿಂದ ಪ್ರತಿ ಭೇಟಿಯಲ್ಲೂ ಬಿಪಿ ನೋಡಿಸಿ.

ಹೆರಿಗೆಯ ಮೇಲೆ

ಚೊಚ್ಚಲ ಹೆರಿಗೆಗೆ ಹುಡುಗಿ ತವರಿಗೆ ಹೋಗುತ್ತಾಳೆ. ಡಾಕ್ಟರು ಬದಲಾಗುತ್ತಾರೆ, ಆಸ್ಪತ್ರೆ ಬದಲಾಗುತ್ತದೆ. ಸಕ್ಕರೆಯ ದಾಖಲೆ ಪುಸ್ತಕ ಸೀರೆ, ಬಟ್ಟೆಗಳ ಜೊತೆಗೆ ಮೊದಲು ಪೆಟ್ಟಿಗೆ ಸೇರಲಿ.

ಪಿಸಿಓಎಸ್ ಎರಡನೆಯ ಸಲ ಮರೆತುಹೋಗುವುದು ಬಾಣಂತನದಲ್ಲಿ. ಮಗು ಬಂದಿದೆ, ಸಕ್ಕರೆ ಇಳಿದಿದೆ, ಎಲ್ಲರಿಗೂ ನಿರಾಳ. ಅಂಟಿನ ಉಂಡೆ, ಕೊಬ್ಬರಿ ಬೆಲ್ಲ, ತುಪ್ಪ ಧಾರಾಳವಾಗಿ ಬರುತ್ತವೆ. ಹೊರಗೆ ಕಾಲಿಡುವಂತಿಲ್ಲ, ನಡಿಗೆ ನಿಂತಿರುತ್ತದೆ. ಮಾಸು ಹೋಯಿತು ನಿಜ, ಆದರೆ ಬಸಿರಿಗೆ ಮುಂಚಿನಿಂದ ಇದ್ದ ಪ್ರತಿರೋಧ ಹಾಗೆಯೇ ಉಳಿದಿದೆ, ಮೇಲಾಗಿ ಗ್ರಂಥಿ ಒಂಬತ್ತು ತಿಂಗಳು ದುಡಿದು ದಣಿದಿದೆ. ಗರ್ಭಾವಸ್ಥೆಯ ಮಧುಮೇಹ ಬಂದವರಿಗೆ ಮುಂದೆ ಕಾಯಂ ಮಧುಮೇಹ ಬರುವ ಸಾಧ್ಯತೆ ಇತರರಿಗಿಂತ ಏಳರಿಂದ ಹತ್ತು ಪಟ್ಟು ಹೆಚ್ಚು ಎಂದು ದೊಡ್ಡ ವಿಶ್ಲೇಷಣೆಗಳು ಹೇಳುತ್ತವೆ. ಮೈಸೂರಿನ ತಾಯಂದಿರ ಐದು ವರ್ಷದ ಲೆಕ್ಕವನ್ನು ಮೇಲೆ ನೋಡಿದ್ದೀರಿ. ಎದೆಹಾಲು ಕುಡಿಸುವುದು ತಾಯಿಗೂ ರಕ್ಷಣೆ. ಪಿಸಿಓಎಸ್ ಇರುವ ಕೆಲವರಿಗೆ ಹಾಲು ಇಳಿಯುವುದು ತಡವಾಗಬಹುದು, ಆಗ ಬಾಣಂತಿಯನ್ನು ದೂರದೆ ಹೆರಿಗೆ ಮಾಡಿಸಿದ ಆಸ್ಪತ್ರೆಯಲ್ಲೇ ಸಹಾಯ ಕೇಳಿ.

ಹೆರಿಗೆಯಾದ ಆರು ವಾರಕ್ಕೆ ಮತ್ತೆ 75 ಗ್ರಾಂ ಗ್ಲೂಕೋಸ್ ಪರೀಕ್ಷೆ ಆಗಲೇಬೇಕು. ಸಹಜವಾಗಿ ಬಂದರೂ ಅಲ್ಲಿಗೆ ನಿಲ್ಲಿಸದೆ ವರ್ಷಕ್ಕೊಮ್ಮೆ ಸಕ್ಕರೆ ನೋಡಿಸುತ್ತಿರಬೇಕು, ಮುಂದಿನ ಮಗುವಿನ ಯೋಚನೆ ಬಂದಾಗ ಅದಕ್ಕೂ ಮುಂಚೆ. ಆರು ವಾರಕ್ಕೆ ಮಗುವಿಗೆ ಪೆಂಟಾವೇಲೆಂಟ್, ಪೋಲಿಯೊ ಲಸಿಕೆಗಳ ಮೊದಲ ಸುತ್ತು ಇರುತ್ತದೆ, ಅದನ್ನು ಸಾಮಾನ್ಯವಾಗಿ ಮನೆಯವರು ತಪ್ಪಿಸುವುದಿಲ್ಲ. ಮಗುವಿಗೆ ಸೂಜಿ ಹಾಕಿಸಲು ಹೊರಟ ದಿನವೇ ತಾಯಿಯನ್ನೂ ಕರೆದೊಯ್ಯಿರಿ, ಅವಳ ರಕ್ತವನ್ನೂ ಪರೀಕ್ಷೆಗೆ ಕೊಡಿಸಿರಿ.